ಅಪ್ಪ ನನಗೆ ಕೊಡದ ಈಸೆಲ್

ಹೊಟ್ಟೆಕಿಚ್ಚು ಒಳ್ಳೆಯದಲ್ಲ ಎಂದು ಶಾಲೆಯಲ್ಲಿ ಮಕ್ಕಳಿಗೆ ನಾನೇ ಹೇಳುತ್ತೇನೆ. ಡ್ರಾಯಿಂಗ್ ಟೀಚರ್ ಆದ ಮೇಲೆ ಹೇಳಲೇಬೇಕು. ಪಕ್ಕದವಳ ಚಿತ್ರ ಚೆನ್ನಾಗಿ ಬಂದರೆ ಅದರ ಮೇಲೆ ಬೇಕೆಂದೇ ನೀರು ಚೆಲ್ಲುವವರು ಪ್ರತಿ ತರಗತಿಯಲ್ಲೂ ಇರುತ್ತಾರೆ. ಆದರೆ ಪ್ರತಿ ಭಾನುವಾರ ತಂಗಿಯ ಮನೆಯ ಹಾಲ್‌ಗೆ ಕಾಲಿಟ್ಟ ಕೂಡಲೇ ನನ್ನ ಹೊಟ್ಟೆ ಧಗಧಗ ಉರಿಯುತ್ತಿತ್ತು. ಕಾರಣ ಅಪ್ಪನ ಈಸೆಲ್, ಚಿತ್ರ ಬರೆಯುವಾಗ ಕ್ಯಾನ್ವಾಸ್ ನಿಲ್ಲಿಸುವ ಮರದ ಚೌಕಟ್ಟು. ಅದರ ಮೇಲೆ ಅವಳು ಟಿ.ವಿ. ಕೂರಿಸಿದ್ದಳು.

ಅದು ಅಂಥಿಂಥ ಈಸೆಲ್ ಅಲ್ಲ. ನೂರು ವರ್ಷದಷ್ಟು ಹಳೆಯದು, ಮುಚ್ಚಿಹೋದ ಯಾವುದೋ ನಾಟಕಮಂದಿರದಲ್ಲಿ ಪರದೆ ಬರೆಯುತ್ತಿದ್ದವರಿಂದ ಅಪ್ಪ ಕೊಂಡು ತಂದದ್ದು. ಆಳಿಗಿಂತ ಎತ್ತರದ ಎರಡು ಕಂಬ, ಅಡಿಯಲ್ಲಿ ನಾಲ್ಕು ಗಾಲಿ. ಪಕ್ಕದ ಹಿಡಿಕೆ ತಿರುಗಿಸಿದರೆ ಚಿತ್ರ ಹೊತ್ತ ಹಲಗೆ ಕಟಕಟ ಎನ್ನುತ್ತಾ ಬೇಕಾದಷ್ಟು ಮೇಲೇರುತ್ತದೆ, ಹಿಂದಕ್ಕೆ ತಿರುಗಿಸಿದರೆ ಇಳಿಯುತ್ತದೆ. ಎಷ್ಟು ದೊಡ್ಡ ಚಿತ್ರವಿದ್ದರೂ ಬರೆಯುವವರು ಬಗ್ಗಬೇಕಾಗಿಲ್ಲ.

ಬಗ್ಗುವ ಕೆಲಸವೆಲ್ಲ ನನ್ನದಾಗಿತ್ತು. ಜನ ಅಪ್ಪನ ಅಂಗಡಿಗೆ ಹೆಬ್ಬೆರಳಿನಷ್ಟು ಫೋಟೋ ತಂದುಕೊಟ್ಟರೆ ಅವರು ಅದನ್ನು ಗೋಡೆಯಗಲದ ತೈಲಚಿತ್ರ ಮಾಡಿಕೊಡುತ್ತಿದ್ದರು. ಮುಖ ಬರೆಯುವ ಕೆಲಸ ಅಪ್ಪನದು. ಕೈ, ಬಟ್ಟೆ, ಕೂತ ಕುರ್ಚಿ ನನ್ನವು. ನನಗೆ ಹನ್ನೆರಡು ವರ್ಷವಾದಾಗಿನಿಂದ ಅದೇ ಪದ್ಧತಿ. ಮುಖ ಮುಗಿದ ಮೇಲೆ ಅಪ್ಪ ಚಿತ್ರವನ್ನು ಈಸೆಲ್‌ನಿಂದ ಇಳಿಸಿ ನೆಲದ ಮೇಲೆ ಮಲಗಿಸುತ್ತಿದ್ದರು. ನಾನು ಮಂಡಿಯೂರಿ ಕೂತು ಬೆರಳು, ಉಗುರು, ಗುಂಡಿ ಬರೆಯುತ್ತಿದ್ದೆ. ಈಸೆಲ್ ಮುಂದೆ ನಿಂತು ಬರೆಯಲೇ ಎಂದು ಕೇಳಿದಾಗಲೆಲ್ಲ, ಅದಕ್ಕೆ ಇನ್ನೂ ಟೈಮ್ ಇದೆ ಎನ್ನುತ್ತಿದ್ದರು. ಶಾಲೆಯ ಕೆಲಸ ಸಿಕ್ಕಿ ಬೇರೆ ಮನೆ ಮಾಡುವ ತನಕ, ಹದಿನಾರು ವರ್ಷ, ಆ ಟೈಮ್ ಬರಲೇ ಇಲ್ಲ.

ಅಪ್ಪನ ಕೈ ನಡುಗಲು ಶುರುವಾಗಿ ಅಂಗಡಿ ಮುಚ್ಚಿದಾಗ ಅವರು ತಂಗಿಯ ಮನೆಗೆ ಹೋದರು. ನನ್ನದು ಮೂರನೇ ಮಹಡಿ, ಅವರಿಗೆ ಹತ್ತಲಾಗದು. ಅದು ಸರಿ. ಆದರೆ ಈಸೆಲ್‌ಗೇನು ಮಂಡಿನೋವು? ಅದೂ ಅವಳಿಗೇ ಎಂದುಬಿಟ್ಟರು.

ತಂಗಿ ಹಲ್ಲಿನ ಡಾಕ್ಟರು. ಜನ್ಮದಲ್ಲಿ ಒಂದು ನೆಟ್ಟಗಿನ ಗೆರೆ ಎಳೆದವಳಲ್ಲ. ಕಂಬಕ್ಕೆ ಮೆತ್ತಿಕೊಂಡಿದ್ದ ಅಷ್ಟು ವರ್ಷದ ಬಣ್ಣವನ್ನು, ಹಲ್ಲಿನ ಪಾಚಿ ತೆಗೆಸುವ ಹಾಗೆ, ಪಾಲಿಶ್‌ನವನಿಂದ ಕೆರೆಸಿ ಫಳಫಳ ಮಾಡಿಸಿದಳು. ಬಂದವರೆಲ್ಲ ಅಯ್ಯೋ ಎಷ್ಟು ಚೆಂದದ ಟಿ.ವಿ. ಸ್ಟ್ಯಾಂಡು ಎನ್ನುವರು, ನಾನು ಕಾಫಿ ಲೋಟದೊಳಗೆ ಮುಖ ಹುದುಗಿಸುವೆ. ಬೈದುಬಿಡೋಣವೆಂದರೆ ಅವಳು ಒಳ್ಳೆಯವಳು. ನನಗೆ ಜ್ವರ ಬಂದರೆ ಕ್ಲಿನಿಕ್ ಬಾಗಿಲು ಹಾಕಿ ಓಡಿಬರುವವಳು. ಅದರಿಂದ ನನ್ನ ಉರಿ ಕಡಿಮೆಯೇನೂ ಆಗಲಿಲ್ಲ. ನಾನು ಈಗಲೂ ಕ್ಯಾನ್ವಾಸನ್ನು ಊಟದ ಕುರ್ಚಿಗೆ ಒರಗಿಸಿ, ಸೊಂಟ ಹಿಡಿದುಕೊಂಡು ಬರೆಯುತ್ತೇನೆ. ಬೇರೆ ಈಸೆಲ್ ಕೊಳ್ಳಬಹುದಿತ್ತು. ಕೊಂಡರೆ ಸೋತ ಹಾಗೆ ಅನ್ನಿಸುತ್ತಿತ್ತು.

ಹೋದ ಭಾನುವಾರ ಹೋದಾಗ ಗೋಡೆಯ ಮೇಲೆ ಹೊಸ ಟಿ.ವಿ. ನೇತಾಡುತ್ತಿತ್ತು, ಈಸೆಲ್ ಮೂಲೆಯಲ್ಲಿ ಬರಿದಾಗಿ ನಿಂತಿತ್ತು. ಅಪ್ಪ ಕಿಟಕಿಯ ಹತ್ತಿರ ಪೇಪರ್ ಓದುತ್ತಿದ್ದರು. ತಂಗಿ ಅಡುಗೆಮನೆಯಿಂದಲೇ, ಇದು ಸುಮ್ಮನೆ ಜಾಗ ತಿನ್ನುತ್ತಿದೆ, ಬೇಕಿದ್ದರೆ ತಗೊಂಡು ಹೋಗು ಅಕ್ಕ ಎಂದಳು. ಹಳೇ ಬಕೆಟ್ ಕೊಡುವ ಹಾಗೆ. ನನಗೆ ಮೈಯೆಲ್ಲ ಉರಿಯಿತು, ಆದರೂ ತಗೊಳ್ಳುತ್ತೇನೆ ಎಂದು ಬಾಯಿ ಬಿಡುವವಳೇ ಇದ್ದೆ.

ಅಪ್ಪ ಪೇಪರ್ ಮಡಚಿದರು. "ಅವಳಿಗೆ ಕೊಡ್ಬೇಡ. ಬೇರೆ ಯಾರಿಗಾದ್ರೂ ಕೊಟ್ಬಿಡು."

ತಂಗಿ ಬಾಗಿಲಿಗೆ ಬಂದು ನಿಂತಳು. ನಾನು ಕೈಚೀಲವನ್ನು ಸೋಫಾ ಮೇಲೆ ಎಸೆದೆ. ನನ್ನ ದನಿ ನನಗೇ ಗುರುತು ಸಿಗಲಿಲ್ಲ.

"ಯಾರಿಗೆ ಬೇಕಾದ್ರೂ ಆಗುತ್ತೆ, ನನಗೆ ಮಾತ್ರ ಆಗಲ್ಲ. ಯಾಕಪ್ಪ? ನಾನೇನು ಮಾಡಿದ್ದೆ?"

ಅಪ್ಪ ಪೇಪರನ್ನು ಪಕ್ಕಕ್ಕಿಟ್ಟರು. ಒಂದು ಕೈಯಿಂದ ಇನ್ನೊಂದು ಕೈಯ ನಡುಕವನ್ನು ಅದುಮಿ ಹಿಡಿದುಕೊಂಡರು.

"ಗಿರಾಕಿಗಳು ಬಂದು ಮುಖ ನೋಡ್ತಿರಲಿಲ್ಲ ಕಣೆ," ಎಂದರು. "ಕೈ ನೋಡಿ ನಿಂತುಬಿಡೋರು. ಜೀವ ಇದೆ ಅನ್ನೋರು. ನಾನು ನಗ್ತಾ ತಲೆ ಆಡಿಸ್ತಿದ್ದೆ. ನೆಲದ ಮೇಲೆ ಇಟ್ಕೊಟ್ರೂ ಹಾಗೆ ಬರೀತಿದ್ದೆ ನೀನು. ಈಸೆಲ್ ಮುಂದೆ ನಿಲ್ಲಿಸಿದ್ರೆ ಮುಖಾನೂ ನೀನೇ ಬರೆದುಬಿಡ್ತಿದ್ದೆ. ಆಮೇಲೆ ನನಗೇನು ಕೆಲಸ ಇರ್ತಿತ್ತು? ನನಗೆ ತಡ್ಕೊಳ್ಳಕ್ಕಾಗ್ತಿರಲಿಲ್ಲ. ಇವತ್ತಿಗೂ ಆಗಲ್ಲ."

ಇಷ್ಟು ವರ್ಷ ನಾನು ಉರಿದದ್ದು ತಂಗಿಯ ಮೇಲೆ. ಅವಳು ಪಾಪ, ನಡುವೆ ಇಟ್ಟ ಸಾಮಾನಷ್ಟೇ. ಮೊದಲು ನನಗಾದದ್ದು ಸಂತೋಷ, ಸುಳ್ಳೇಕೆ ಹೇಳಲಿ; ಅಪ್ಪನಿಗೆ ನನ್ನ ಮೇಲೆ ಹೊಟ್ಟೆಕಿಚ್ಚು! ಆಮೇಲೆ ಸಿಟ್ಟು ಬಂತು. ಮಂಡಿಯೂರಿ ಕೂತ ಹದಿನಾರು ವರ್ಷದ ಸಿಟ್ಟು.

ನಾನು ಹೋಗಿ ಈಸೆಲನ್ನು ಕಿಟಕಿಯ ಬೆಳಕಿಗೆ ಉರುಳಿಸಿಕೊಂಡು ಬಂದೆ. ತಂಗಿ ಏನೂ ಕೇಳದೆ ಹೊಸ ಟಿ.ವಿ.ಯ ರಟ್ಟಿನ ಪೆಟ್ಟಿಗೆಯ ಒಂದು ಮಗ್ಗುಲು ಕತ್ತರಿಸಿ ಕೊಟ್ಟಳು. ಅದರ ಮೇಲೆ ಕಾಗದ ಸಿಕ್ಕಿಸಿದೆ, ಕೈಚೀಲದಿಂದ ಇದ್ದಿಲ ಕಡ್ಡಿ ತೆಗೆದೆ. ಹಿಡಿಕೆ ತಿರುಗಿಸಿ ಹಲಗೆಯನ್ನು ನನ್ನ ಕಣ್ಣಿನ ಮಟ್ಟಕ್ಕೆ ಏರಿಸಿದೆ. ಬೆನ್ನು ನೆಟ್ಟಗಿಟ್ಟುಕೊಂಡು ಬರೆಯುವುದು ಎಷ್ಟು ಸುಖ ಎಂದು ಐವತ್ತೆರಡನೇ ವಯಸ್ಸಿನಲ್ಲಿ ತಿಳಿಯಿತು.

ಅಪ್ಪನನ್ನೇ ಬರೆದೆ. ಅಲ್ಲಾಡಬೇಡಿ ಎಂದೆ, ಅವರು ಅಲ್ಲಾಡಲಿಲ್ಲ. ಹಣೆ ಬಂತು, ಹುಬ್ಬು ಬಂತು, ಇಳಿಬಿದ್ದ ಕೆನ್ನೆ ಬಂತು. ಮುಕ್ಕಾಲು ಗಂಟೆಯಲ್ಲಿ ಅವರು ಕಾಗದದ ಮೇಲೆ ನನ್ನನ್ನೇ ನೋಡುತ್ತಾ ಕೂತಿದ್ದರು. ತಂಗಿ ನನ್ನ ಬೆನ್ನ ಹಿಂದೆ ಬಂದು ನಿಂತು, ಕೈಯಿಂದ ಬಾಯಿ ಮುಚ್ಚಿಕೊಂಡಳು.

ಅಪ್ಪನಿಗೆ ತಡೆಯಲಾಗಲಿಲ್ಲ. ಗೋಡೆ ಹಿಡಿದು ಎದ್ದು ಬಂದರು, ಕನ್ನಡಕ ಏರಿಸಿ ನೋಡಿದರು, ಹಿಂದೆ ಸರಿದು ಮತ್ತೆ ನೋಡಿದರು. ಅವರ ಮುಖದಲ್ಲಿ ಏನು ನಡೆಯುತ್ತಿದೆ ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

"ಮೂಗು ಸ್ವಲ್ಪ ಉದ್ದ ಆಯ್ತು," ಎಂದರು.

ಮೂಗು ಸರಿಯಾಗಿಯೇ ಇತ್ತು. ಅದು ಅವರಿಗೂ ಗೊತ್ತಿತ್ತು. ನಾನು ಅಳಿಸಲಿಲ್ಲ.