ಮೇಷ್ಟ್ರು ಗದರದ ಕೋಣೆ

ಶವಪೆಟ್ಟಿಗೆ ಮನೆಯ ಬಾಗಿಲಲ್ಲಿ ಸಿಕ್ಕಿಕೊಂಡಿತು. ಹೊತ್ತಿದ್ದವರು ಹಿಂದೆ ಸರಿದು, ಓರೆ ಮಾಡಿ ಮತ್ತೆ ಎತ್ತಿದರು.

"ಗಾಬರಿ ಬೇಡ, ಇನ್ನೊಂದ್ಸಲ ನೋಡೋಣ," ಎಂದ ಗಾರೆ ಕೆಲಸದವನು. ಅದು ಸತ್ತ ಮೇಷ್ಟ್ರದೇ ಮಾತು. ಅಳುತ್ತಿದ್ದವರೂ ನಕ್ಕರು.

ಅವರೆಲ್ಲ ನಡುವಯಸ್ಸು ದಾಟಿದ ಮೇಲೆ ಮೇಷ್ಟ್ರ ಸಂಜೆ ಶಾಲೆಗೆ ಬಂದು ಅಕ್ಷರ ಕಲಿತವರು. ಆ ಕೋಣೆಯಲ್ಲಿ ಮೇಷ್ಟ್ರು ಯಾರನ್ನೂ ಏಕವಚನದಲ್ಲಿ ಕರೆದವರಲ್ಲ. ಒಬ್ಬರ ತಪ್ಪಿಗೆ ಇನ್ನೊಬ್ಬರು ನಕ್ಕರೆ ಪಾಠ ನಿಲ್ಲಿಸಿ, ತಾವು ಸೈಕಲ್ ಕಲಿಯುವಾಗ ಚರಂಡಿಗೆ ಬಿದ್ದ ಕತೆ ಹೇಳುತ್ತಿದ್ದರು.

ಬಟ್ಟೆ ಒಗೆಯುವ ಮುದುಕಿ ಮೇಷ್ಟ್ರ ಹೆಂಡತಿಯ ಕೈ ಹಿಡಿದಳು. "ನನ್ನ ಗಂಡನೂ ನನಗೆ ಬನ್ನಿ ಅಂದಿರ್ಲಿಲ್ಲ ಕಣಮ್ಮ. ಇವ್ರು ಅಂದ್ರು. ನೀವು ಪುಣ್ಯವಂತರು."

ಹೆಂಡತಿ ಕೈ ಬಿಡಿಸಿಕೊಂಡು ಪೆಟ್ಟಿಗೆಯ ಹಿಂದೆ ನಡೆದಳು.

*

ಮಗಳ ಮದುವೆಯಾದ ವರ್ಷ ಹೆಂಡತಿಯೂ ಒಂದು ಸಂಜೆ ಹೇಳದೆ ಕೇಳದೆ ಹೋಗಿ ಆ ಕೋಣೆಯ ಹಿಂದಿನ ಬೆಂಚಿನಲ್ಲಿ ಕೂತಿದ್ದಳು. ಮೇಷ್ಟ್ರು ಅರೆಗಳಿಗೆ ತಡವರಿಸಿ, "ಬನ್ನಿ, ಮುಂದೆ ಬನ್ನಿ," ಎಂದರು. ಸ್ಲೇಟು ಕೊಟ್ಟರು. ಅವಳು ಅಕ್ಷರವನ್ನು ತಿರುಗಾಮುರುಗಾ ಬರೆದಾಗ, ಮೊದಲ ದಿನ ಕೈ ಮಾತು ಕೇಳುವುದಿಲ್ಲ, ಪರವಾಗಿಲ್ಲ ಎಂದರು. ಮದುವೆಯಾದಾಗಿನಿಂದ ಅವಳು ಆ ದನಿ ಕೇಳಿರಲಿಲ್ಲ. ಪಾಠ ಮುಗಿಯುವವರೆಗೂ ಅವರ ಮುಖವನ್ನೇ ನೋಡುತ್ತ ಕೂತಳು.

ದಾರಿಯುದ್ದಕ್ಕೂ ಮೇಷ್ಟ್ರು ಮುಂದೆ ಮುಂದೆ ನಡೆದರು. ಮನೆಯ ಬಾಗಿಲು ಹಾಕಿದ ಮೇಲೆ ಬಾಯಿ ಬಿಟ್ಟರು. "ನಾಳೆಯಿಂದ ಆ ಕಡೆ ತಲೆ ಹಾಕ್ಬೇಡ. ಊರಿಗೆಲ್ಲ ಕಲಿಸೋನು ಹೆಂಡ್ತಿಗೆ ಕಲಿಸಿಲ್ಲ ಅಂತ ತೋರಿಸೋಕೆ ಬಂದ್ಯಾ?"

"ಹಾಗಾದ್ರೆ ಮನೇಲೇ ಕಲಿಸಿ."

"ಅಲ್ಲಿ ದಡ್ಡರ ಮುಂದೆ ಹಲ್ಲು ಗಿಂಜಿ ಬಂದಿರ್ತೀನಿ. ಇಲ್ಲೂ ಗಿಂಜಬೇಕಾ?"

*

ಗುಂಡಿಯ ಬಳಿ ಗಾರೆ ಕೆಲಸದವನು ತಾನೇ ಬರೆದು ತಂದಿದ್ದ ನಾಲ್ಕು ಸಾಲನ್ನು ತಡವರಿಸುತ್ತ ಓದಿದ. ಆಮೇಲೆ ಹಾಳೆಯನ್ನು ಹೆಂಡತಿಯ ಕಡೆ ಚಾಚಿದ. "ಅಮ್ಮಾವ್ರು ನಮಗಿಂತ ಮೊದ್ಲೇ ಕಲ್ತಿರ್ತಾರೆ. ನೀವೂ ಒಂದ್ಸಲ ಓದಿ."

ಮಗಳು ತಲೆ ತಗ್ಗಿಸಿದಳು.

"ಅವ್ರು ಕಲಿಸೋಕೆ ನೋಡಿದ್ರು," ಎಂದಳು ಹೆಂಡತಿ. "ನನ್ನ ತಲೆಗೇ ಹತ್ಲಿಲ್ಲ."

"ಅವ್ರ ಹತ್ರ ಕಲೀಲಾರದೋರೂ ಇದ್ರಾ?" ಎಂದಳು ಮುದುಕಿ. ಅವಳ ದನಿಯಲ್ಲಿ ಮೇಷ್ಟ್ರ ಮೇಲೆ ಕನಿಕರವಿತ್ತು.

ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿ, ಕೈ ಕೊಡವಿಕೊಂಡು ಹಿಂದೆ ಸರಿದರು. ಹೆಂಡತಿ ಹಾಕುತ್ತಲೇ ಇದ್ದಳು. ಮಗಳು ಬಂದು ತೋಳು ಹಿಡಿದಳು. ಅವಳು ಇನ್ನೊಂದು ಕೈಯಿಂದ ಬಾಚಿ ಹಾಕಿದಳು.