ಕೆಳಗಿನ ಸಾಲಿನ ಉಸಿರು

ಮುಂದೆ ನಿಂತ ಕಂಡಕ್ಟರಮ್ಮನ ಹಿಮ್ಮಡಿ ಚಪ್ಪಲಿಯಿಂದ ಅರ್ಧ ಹೊರಗೆ ಬಂದಿದೆ, ಬಿರುಕು ಬಿಟ್ಟ ಹಿಮ್ಮಡಿ, ಬಿರುಕಿನಲ್ಲಿ ಮುಲಾಮು, ಹಗಲೆಲ್ಲ ಬಸ್ಸಿನಲ್ಲಿ ನಿಂತು ನಿಂತು ಕಾಲು ಊದುತ್ತದಂತೆ, ಊದಿದ ಕಾಲಿಗೆ ಇವತ್ತೇ ಹೊಸ ಚಪ್ಪಲಿ ಬೇರೆ, ಯಾರು ಹೇಳಿದರೋ — ಮೇಲಿನ ಸ್ವರದ ಸಾಲಿನವರು ಹಾಡು ಶುರು ಮಾಡಿಯೇ ಬಿಟ್ಟರು, ತೆಳ್ಳಗೆ, ಆಗ ತಾನೇ ಕರೆದ ಹಾಲಿನ ನೊರೆಯ ಹಾಗೆ, ಅದರ ಕೆಳಗೆ ನಡುವಿನ ಸಾಲಿನವರು ಸೇರಿಕೊಂಡರು, ಈಗ ಕೆಳಗಿನ ಸಾಲು, ಸಾಲು ಅಂದರೆ ಇಬ್ಬರೇ, ಅವಳು ಮತ್ತು ಪಕ್ಕದಲ್ಲಿ ನಿಂತ ದರ್ಜಿ ಅಕ್ಕ, ದರ್ಜಿ ಅಕ್ಕ ದನಿ ತೆಗೆದಳು, ಅವಳು ಬಾಯಿ ತೆಗೆದಳು, ಬರೀ ಬಾಯಿ, ಮೆಲುಕು ಹಾಕುವ ಹಸುವಿನ ಹಾಗೆ ದವಡೆ ಆಡುತ್ತಿದೆ, ದನಿ ಇಲ್ಲ. ಇಪ್ಪತ್ತೆಂಟು ವರ್ಷ ಮೂರು ಹೊಲ ದಾಟುವ ಹಾಗೆ ದನ ಕೂಗಿದ ಗಂಟಲು, ಅದಕ್ಕೆ ಇವತ್ತು ಹಾಡು ಕಲಿಸುವ ಟೀಚರಮ್ಮ ಬೀಗ ಹಾಕಿದ್ದಾರೆ. ಹತ್ತು ನಿಮಿಷ ಆಗಿಲ್ಲ ಇನ್ನೂ, ಪರದೆಯ ಹಿಂದೆ, ಎಲ್ಲರೂ ಸೀರೆ ಸರಿ ಮಾಡಿಕೊಳ್ಳುತ್ತಿದ್ದಾಗ ಮೊಣಕೈ ಹಿಡಿದು ಆಚೆ ಕರೆದುಕೊಂಡು ಹೋಗಿ, ನೋಡು ಹಾಲಕ್ಕ, ಬೇಜಾರು ಮಾಡ್ಕೋಬೇಡ, ಇವತ್ತು ನೀನು ಬಾಯಿ ಆಡಿಸು ಸಾಕು, ದನಿ ಬಿಡಬೇಡ. ಯಾಕೆ ಟೀಚರಮ್ಮ. ಕೇಳೋಕೆ ಸಂಗೀತ ತಿಳಿದೋರು ಬಂದಿದ್ದಾರೆ ಕಣೇ, ನಿನ್ನ ದನಿ ಎಲ್ಲರ ಮೇಲೆ ಎದ್ದು ಕೇಳುತ್ತೆ, ಹನ್ನೊಂದು ಜನ ಹಾಡಿದರೂ ಒಬ್ಬರು ಹಾಡಿದ ಹಾಗಿರಬೇಕು. ಅವಳಿಗೆ ಮಾತು ಯಾವಾಗಲೂ ಬಸ್ಸು ಹೋದ ಮೇಲೆ ನಿಲ್ದಾಣಕ್ಕೆ ಬರುತ್ತದೆ, ಈಗ ಬಂದಿದೆ ನೋಡಿ, ವೇದಿಕೆಯ ಮೇಲೆ, ಇಷ್ಟು ಜನರ ಎದುರಿಗೆ — ಹನ್ನೊಂದು ಜನ ಒಬ್ಬರ ಹಾಗೆ ಅಂದರಲ್ಲ ಟೀಚರಮ್ಮ, ಆ ಒಬ್ಬರು ಯಾರು, ನೀವಾ?

ಕರೆದವರು ಅವರೇ ಅಲ್ಲವೇ, ಅವಳೇನು ಅರ್ಜಿ ಹಾಕಿಕೊಂಡು ಬಂದಳೇ. ಎರಡು ವರ್ಷದ ಹಿಂದೆ ಈ ಸಭಾಂಗಣದ ಹಿಂದಿನ ಕ್ಯಾಂಟೀನಿಗೆ ಹಾಲು ಹಾಕಲು ಬಂದವಳು ಕ್ಯಾನು ಇಳಿಸಿ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತ ಕಿಟಕಿಯ ಕೆಳಗೆ ನಿಂತಳು, ಒಳಗಿನ ಹಾಡಿಗೆ ತಳವೇ ಇಲ್ಲವೆನಿಸಿತು, ಕಾಲಿಲ್ಲದ ಮಂಚದ ಹಾಗೆ, ಅವಳ ಗಂಟಲು ತಾನಾಗಿ ಕೆಳಗಿನಿಂದ ಒಂದು ಆಸರೆ ಕೊಟ್ಟಿತು, ಕಿಟಕಿಯಿಂದ ಟೀಚರಮ್ಮನ ತಲೆ ಹೊರಗೆ ಬಂತು, ಯಾರದು ಆ ದನಿ, ಒಳಗೆ ಬಾ. ಬಂದಳು, ಗಂಜಲದ ವಾಸನೆಯ ಸೆರಗು ಹೊದ್ದುಕೊಂಡೇ ಬಂದಳು, ವಕೀಲರ ಹೆಂಡತಿ ಕುರ್ಚಿ ಎರಡು ಗೇಣು ಆಚೆ ಸರಿಸಿದ್ದು ಯಾರಿಗೂ ಕಾಣಲಿಲ್ಲ ಅಂದುಕೊಂಡಿದ್ದಾಳೆ ಇವತ್ತಿಗೂ, ಈಗ ಅದೇ ವಕೀಲರ ಹೆಂಡತಿ ಮನೆಯಲ್ಲಿ ಮೂರು ದಿನಕ್ಕೆ ಒಂದು ಮಾತು ಆಡುವ ಗಂಡನ ಕಥೆಯನ್ನು ಅವಳ ಹೆಗಲಿಗೆ ಒರಗಿ ಹೇಳುತ್ತಾಳೆ. ಹೆರಿಗೆ ವಾರ್ಡಿನ ನರ್ಸಮ್ಮ ನಗುತ್ತಾಳೆ, ಹಗಲೆಲ್ಲ ಕೂಗಮ್ಮ ಕೂಗು ಅಂತ ಹೇಳಿ ಬರ್ತೀನಿ, ಇಲ್ಲಿ ಬಂದರೆ ಮೆಲ್ಲಗೆ ಮೆಲ್ಲಗೆ ಅಂತಾರೆ. ಮನೆಯಲ್ಲಿ ಅತ್ತೆ, ಸಗಣಿ ಬಾಚೋ ಕೈಗೆ ಸಂಗೀತ ಬೇರೆ ಕೇಡು. ಗಂಡ ಬೇಡವೆನ್ನಲಿಲ್ಲ, ಹೂಂ ಅನ್ನಲೂ ಇಲ್ಲ, ಹಸುಗಳ ಮುಂದೇನೇ ಹಾಡೇ, ಎದ್ದು ಹೋಗಲ್ಲ, ಕಟ್ಟಿ ಹಾಕಿದ್ದೀವಲ್ಲ, ಅಂದ, ಅಂದು ತಾನೇ ನಕ್ಕ. ಗುರುವಾರದ ಸಂಜೆಯ ಅಭ್ಯಾಸವೊಂದಕ್ಕಾಗಿ ಅವಳು ಮಧ್ಯಾಹ್ನವೇ ಹುಲ್ಲು ಕೊಯ್ದು, ಹಾಲು ಕರೆದು, ಕರುಗಳನ್ನು ಕಟ್ಟಿ, ಅತ್ತೆಯ ಮಾತ್ರೆ ಬಟ್ಟಲಿಗೆ ಹಾಕಿಟ್ಟು, ಓಡೋಡಿ ಬಸ್ಸು ಹಿಡಿಯುತ್ತಾಳೆ, ಇದೆಲ್ಲ ಬಾಯಿ ಆಡಿಸುವುದಕ್ಕೇ, ಮನೆಯಲ್ಲಿ ಬಾಯಿ ಆಡಿಸದೆ ಮುಚ್ಚಿಕೊಂಡಿದ್ದರೆ ಆಗುತ್ತಿರಲಿಲ್ಲವೇ — ದರ್ಜಿ ಅಕ್ಕ ಓರೆಗಣ್ಣಿನಲ್ಲಿ ನೋಡಿದಳು. ಗೊತ್ತಾಗಿದೆ ಏನೋ. ಇಲ್ಲ, ಅವಳಿಗೆ ಗೊತ್ತಿಲ್ಲ, ಹೇಳಲು ಹೊತ್ತಾಗಲಿಲ್ಲ, ಹೊತ್ತಿದ್ದರೂ ನಾಚಿಕೆಯಾಗುತ್ತಿತ್ತು, ನನ್ನ ದನಿ ಬೇಡವಂತೆ ಅಕ್ಕ ಅಂತ ಯಾವ ಬಾಯಿಂದ ಹೇಳುವುದು, ಆದರೆ ಗಾಡಿಯ ಜೋಡೆತ್ತಿನಲ್ಲಿ ಒಂದು ಎಳೆಯದಿದ್ದರೆ ಇನ್ನೊಂದರ ಹೆಗಲಿಗೆ ತಿಳಿಯದೇ ಇರುತ್ತದೆಯೇ, ದರ್ಜಿ ಅಕ್ಕನ ಕತ್ತಿನ ನರ ಉಬ್ಬಿದೆ, ಒಬ್ಬಳೇ ಎಳೆಯುತ್ತಿದ್ದಾಳೆ.

ಅಯ್ಯೋ, ಆ ಉದ್ದದ ಸ್ವರ. ಅದು ಈಗ ನೆನಪಾಗುತ್ತಿದೆ. ಹಾಡಿನ ಕೊನೆಗೆ ಮೇಲಿನವರು, ನಡುವಿನವರು ಎಲ್ಲ ನಿಲ್ಲಿಸುತ್ತಾರೆ, ಕೆಳಗಿನ ಸಾಲು ಮಾತ್ರ ಹನ್ನೆರಡು ಎಣಿಸುವ ತನಕ ಒಂದೇ ಸ್ವರ ಹಿಡಿದಿರಬೇಕು, ಆಮೇಲೆ ಎಲ್ಲರೂ ಅದರ ಮೇಲೆ ಬಂದು ಕೂರುತ್ತಾರೆ. ದರ್ಜಿ ಅಕ್ಕನಿಗೆ ಆರರ ಆಚೆ ಉಸಿರಿಲ್ಲ, ಗಾರ್ಮೆಂಟ್ಸಿನಲ್ಲಿ ಹದಿನೇಳು ವರ್ಷ ಹತ್ತಿಯ ದೂಳು ಕುಡಿದ ಎದೆ, ಡಾಕ್ಟರು ಹಾಡಬೇಡ ಅಂದಿದ್ದಾರೆ, ಸೊಸೆಯೂ ಅಂದಿದ್ದಾಳೆ, ಜನರ ಮುಂದೆ ಕೆಮ್ಮಿ ಮರ್ಯಾದೆ ತೆಗೀಬೇಡಿ ಅತ್ತೆ, ಆ ಸೊಸೆ ಅಲ್ಲಿ, ಮೂರನೆಯ ಸಾಲಿನಲ್ಲಿ, ಮೊಬೈಲು ಎತ್ತಿ ಹಿಡಿದು ಕೂತಿದ್ದಾಳೆ. ಉಸಿರು ಹಂಚಿಕೊಳ್ಳುವುದನ್ನು ಕಲಿಸಿದವರೂ ಟೀಚರಮ್ಮನೇ, ಒಂದೇ ಸಾಲಿನವರು ಒಂದೇ ಕಡೆ ಉಸಿರು ತಗೋಬಾರದು, ಒಬ್ಬಳು ತಗೊಂಡಾಗ ಇನ್ನೊಬ್ಬಳು ಹಿಡಿದಿರಬೇಕು, ಕೇಳುವವರಿಗೆ ಸ್ವರ ಕಡಿದದ್ದೇ ತಿಳೀಬಾರದು. ಬಸ್‌ ನಿಲ್ದಾಣದ ಕಲ್ಲು ಬೆಂಚಿನ ಮೇಲೆ ಕೂತು ಇಬ್ಬರೂ ಗೊತ್ತು ಮಾಡಿಕೊಂಡರು, ಆರಕ್ಕೆ ನಾನು ಬಾಯಿ ಮುಚ್ಚಿ ಉಸಿರು ತಗೋತೀನಿ ಹಾಲಕ್ಕ, ಎಂಟಕ್ಕೆ ಬರ್ತೀನಿ, ಅಲ್ಲೀವರೆಗೆ ನೀನು. ಬಾ ಅಕ್ಕ, ನಿಧಾನಕ್ಕೇ ಬಾ, ನನ್ನದು ಹಳ್ಳದ ಆಚೆ ದಂಡೆ ಮುಟ್ಟೋ ಉಸಿರು. ಟೀಚರಮ್ಮ ಇದನ್ನು ಮರೆತಿದ್ದಾರೆ, ಮರೆಯದೆ ಏನು, ಮನೆ ನೋಡಲು ಬಂದವರು ಬಣ್ಣ ನೋಡುತ್ತಾರೆ, ಕಿಟಕಿ ನೋಡುತ್ತಾರೆ, ಅಡಿಪಾಯಕ್ಕೆ ಎಷ್ಟು ಕಲ್ಲು ಹಾಕಿಸಿದಿರಿ ಅಂತ ಯಾರು ಕೇಳುತ್ತಾರೆ, ಬರೀ ಇಬ್ಬರ ಸಾಲಿನಲ್ಲಿ ಒಬ್ಬಳ ಬಾಯಿ ಮುಚ್ಚಿಸಿದರೆ ಉಳಿದವಳು ಎಲ್ಲಿ ಉಸಿರಾಡಬೇಕು ಅಂತ ಲೆಕ್ಕ ಹಾಕಲಿಲ್ಲ. ಹೇಳಿದ ಹಾಗೆ ನಿಂತರೆ ಆರಕ್ಕೆ ಸ್ವರ ಕಡಿಯುತ್ತದೆ, ಎಲ್ಲರೂ ದರ್ಜಿ ಅಕ್ಕನತ್ತ ನೋಡುತ್ತಾರೆ, ಮುದುಕಿಗೆ ದಮ್ಮಿಲ್ಲ ಅನ್ನುತ್ತಾರೆ, ಸೊಸೆಯ ಮೊಬೈಲಿನಲ್ಲಿ ಅದು ಹಾಗೆಯೇ ಕೂತಿರುತ್ತದೆ, ಮುಂದಿನ ಗುರುವಾರ ದರ್ಜಿ ಅಕ್ಕ ಬರುವುದಿಲ್ಲ. ತಾನು ದನಿ ತೆಗೆದರೆ ತನಗೇ ಬರಬೇಡ ಅನ್ನುತ್ತಾರೆ. ಅನ್ನಲಿ. ಕಿಟಕಿ ಎಲ್ಲಿದೆ ಅಂತ ಅವಳಿಗೆ ಗೊತ್ತು.

ಮೇಲಿನವರು ನಿಲ್ಲಿಸಿದರು, ನಡುವಿನವರೂ ನಿಲ್ಲಿಸಿದರು, ಫ್ಯಾನಿನ ಸದ್ದು, ಯಾರದೋ ಕುರ್ಚಿಯ ಸದ್ದು, ಒಂದು, ದರ್ಜಿ ಅಕ್ಕನ ಸ್ವರ ಒಂಟಿಯಾಗಿ ಹೊರಟಿದೆ, ಎರಡು, ಮೂರು, ತುದಿಯಲ್ಲಿ ನವಿರಾಗಿ ನಡುಗುತ್ತಿದೆ, ನಾಲ್ಕು, ಓರೆಗಣ್ಣಿನಲ್ಲೂ ನೋಡುತ್ತಿಲ್ಲ ಈಗ, ನಂಬಿದ್ದಾಳೆ, ಐದು — ಆರಕ್ಕೆ ಕಾಯಲಿಲ್ಲ ಅವಳು, ಐದಕ್ಕೇ ಬಿಟ್ಟಳು, ಹೊಟ್ಟೆಯ ತಳದಿಂದ, ಕೊಟ್ಟಿಗೆಯ ದನಿಯನ್ನೇ, ತೊಳೆದು ಒರೆಸಿ ತಂದದ್ದಲ್ಲ, ಆರು, ಪಕ್ಕದ ಬಾಯಿ ಮುಚ್ಚಿತು, ಎದೆ ಸೊಂಯ್ ಎಂದು ಗಾಳಿ ಎಳೆಯಿತು, ಯಾರಿಗೂ ಕೇಳಲಿಲ್ಲ, ಕೇಳಲು ಬಿಡಲಿಲ್ಲ ಅವಳು, ಏಳು, ತಿಳಿದವರು ಕಾಗದದಿಂದ ತಲೆ ಎತ್ತಿದರು, ಎತ್ತಲಿ, ಎಂಟು, ದರ್ಜಿ ಅಕ್ಕ ವಾಪಸು ಬಂದಳು, ದನಿಗೆ ದನಿ ಕೂಡಿತು, ಇನ್ನು ಇಳಿಸಬಹುದು, ಇನ್ನು ಮೆತ್ತಗಾಗಬಹುದು, ಅಕ್ಕ ದಾಟಿದಳು — ಎದುರಿಗೆ ನಿಂತು ಹಾಡಿಸುತ್ತಿರುವ ಟೀಚರಮ್ಮನ ಎಡಗೈ ಅವಳ ಕಡೆಗೆ ತಿರುಗಿದೆ, ಅಂಗೈ ನೆಲಕ್ಕೆ ಮುಖ ಮಾಡಿ ಗಾಳಿಯನ್ನು ಒತ್ತುತ್ತಿದೆ, ಇಳಿಸು, ಇಳಿಸು, ಒಂಬತ್ತು, ಇದು ಅಕ್ಕನಿಗಾಗಿ ಅಲ್ಲ ಟೀಚರಮ್ಮ, ಅಕ್ಕನ ಪಾಲು ಮುಗಿಯಿತು, ಇದು ನನ್ನದು, ಅಂಗೈ ಇನ್ನೂ ಕೆಳಗೆ ಬಂತು, ಸೊಂಟದ ಮಟ್ಟಕ್ಕೆ, ಬೆರಳುಗಳು ಅಗಲವಾಗಿವೆ, ಹತ್ತು, ಅದು ಒತ್ತಿದಷ್ಟೂ ಅವಳ ಎದೆ ತುಂಬುತ್ತಿದೆ, ಹನ್ನೊಂದು, ಒತ್ತುವುದಕ್ಕೆ ಇನ್ನು ಜಾಗವಿಲ್ಲ ಆ ಕೈಗೆ, ಅವಳು ಬೇರೇನನ್ನೂ ನೋಡುತ್ತಿಲ್ಲ, ಆ ಅಂಗೈ, ಗಾಳಿಯ ಮೇಲೆ ಒತ್ತಿ ಹಿಡಿದ ಅಂಗೈ, ಅಂಗೈ —