ಸೂನ್‌ಹೀ ಕಥೆ ಮುಗಿಸಿದ್ದು

ಸೂನ್‌ಹೀ ಸೂರ್ಯನನ್ನು ಮತ್ತೆ ಗಂಡಸು ಮಾಡಿಬಿಟ್ಟಳು. ಜರ್ಮನ್ ಭಾಷೆಯಲ್ಲಿ ಸೂರ್ಯ ಹೆಣ್ಣು, ಚಂದ್ರ ಗಂಡು; ಮೂರು ಹಾಸಿಗೆಗಳಿಂದ ಮೂರು ದನಿಗಳು ಒಟ್ಟಿಗೆ ಅವಳನ್ನು ತಿದ್ದಿದವು. ಅವಳು ನಕ್ಕು, ತಪ್ಪು ಸರಿಮಾಡಿಕೊಂಡು ಕಥೆ ಮುಂದುವರಿಸಿದಳು. ನಾಲ್ಕನೆಯ ಹಾಸಿಗೆಯ ಗಿಜೆಲಾ ಮಾತ್ರ ತುಟಿ ಬಿಚ್ಚಲಿಲ್ಲ. ಕಾಲಿಗೆ ತೂಕ ಕಟ್ಟಿಸಿಕೊಂಡು ಆ ಹದಿನಾಲ್ಕರ ಹುಡುಗಿ ಛಾವಣಿ ನೋಡುತ್ತ ಮಲಗಿದ್ದಳು. ಆದರೆ ಅವಳೂ ಕೇಳಿಸಿಕೊಳ್ಳುತ್ತಿದ್ದಾಳೆಂಬುದು ಬಾಗಿಲ ಬಳಿ ನಿಂತಿದ್ದ ಡಾಕ್ಟರ್ ಅನಸೂಯಳಿಗೆ ತಿಳಿಯುತ್ತಿತ್ತು.

ಅದು ೧೯೬೯ರ ಚಳಿಗಾಲ. ಜರ್ಮನಿಯ ಎರ್ಲಾಂಗೆನ್ನಿನ ಆ ಆಸ್ಪತ್ರೆಯ ಮಕ್ಕಳ ವಿಭಾಗದಲ್ಲಿ ಹೊರದೇಶದವರೆಂದರೆ ಇಬ್ಬರೇ. ಎಂಜಿನಿಯರ್ ಗಂಡನ ಜೊತೆ ಧಾರವಾಡದಿಂದ ಬಂದ ಅನಸೂಯ. ಮೂರು ವರ್ಷದ ಕರಾರಿನ ಮೇಲೆ ವಿಮಾನದ ತುಂಬ ನರ್ಸುಗಳ ಜೊತೆ ದಕ್ಷಿಣ ಕೊರಿಯಾದಿಂದ ಬಂದಿಳಿದ ಸೂನ್‌ಹೀ. ಆಸ್ಪತ್ರೆಯ ಆಲೂಗಡ್ಡೆಗೆ ಬೇಸತ್ತ ಇಬ್ಬರನ್ನೂ ಅನ್ನ ಹತ್ತಿರ ತಂದಿತ್ತು. ಭಾನುವಾರ ಬಂತೆಂದರೆ ಸೂನ್‌ಹೀ ಸೈಕಲ್ ತುಳಿದುಕೊಂಡು ಅನಸೂಯಳ ಮನೆಗೆ ಬರುತ್ತಿದ್ದಳು. ಇವರು ಸಸ್ಯಾಹಾರಿಗಳೆಂದು ಮೀನಿನ ರಸ ಬಿಟ್ಟು ಅವಳು ಹಾಕಿಟ್ಟ ಎಲೆಕೋಸಿನ ಉಪ್ಪಿನಕಾಯಿ ಬಾಲ್ಕನಿಯಲ್ಲಿ ಹುದುಗುತ್ತಿತ್ತು. ಅದರ ವಾಸನೆಗೆ ಮೇಲಿನ ಮನೆಯ ಮುದುಕಿ ಕಿಟಕಿ ಹಾಕಿಕೊಂಡರೆ, ಅನಸೂಯಳ ಗಂಡ ಜಗನ್ನಾಥ ಅದನ್ನೇ ಮೊಸರನ್ನಕ್ಕೆ ನಂಚಿಕೊಂಡು ಎರಡೆರಡು ಸಲ ಬಡಿಸಿಕೊಳ್ಳುತ್ತಿದ್ದ. ಮೂರು ವರ್ಷದ ಮಗಳು ನಿರುಪಮಾ ಸೂನ್‌ಹೀಯ ತೊಡೆ ಬಿಟ್ಟು ಏಳುತ್ತಿರಲಿಲ್ಲ.

ವಾರ್ಡಿನಲ್ಲಿ ಸಂಜೆ ಕಥೆ ಹೇಳುವುದನ್ನು ಸೂನ್‌ಹೀ ತಾನಾಗಿಯೇ ಶುರುಮಾಡಿದ್ದಳು. ಕೊರಿಯಾ ಯುದ್ಧದ ಚಳಿಗಾಲದಲ್ಲಿ ಬೂನಿ ಎಂಬ ಹುಡುಗಿ ಪುಟ್ಟ ತಮ್ಮನ ಕೈಹಿಡಿದು ದಕ್ಷಿಣಕ್ಕೆ ನಡೆದುಹೋಗುವ ಕಥೆ ಅದು. ಸೇತುವೆಯ ಮೇಲಿನ ನೂಕುನುಗ್ಗಲಿನಲ್ಲಿ ತಮ್ಮನ ಕೈ ತಪ್ಪಿಹೋಗುತ್ತದೆ. ಅಂದಿನಿಂದ ಬೂನಿ ಅವನನ್ನು ಹುಡುಕುತ್ತಲೇ ಇದ್ದಳು, ಹುಡುಗಿಯರು ಉಸಿರು ಬಿಗಿಹಿಡಿದು ಕೇಳುತ್ತಲೇ ಇದ್ದರು.

ಗಿಜೆಲಾಳ ಸೊಂಟದ ಕೀಲಿಗೆ ಎರಡು ಶಸ್ತ್ರಚಿಕಿತ್ಸೆ ಆಗಿ ಎರಡೂ ಕೈಕೊಟ್ಟಿದ್ದವು. ಮೂರನೆಯದು ಗುರುವಾರಕ್ಕೆ ನಿಗದಿಯಾಗಿತ್ತು. ಅವಳು ಊಟ ಬಿಟ್ಟಿದ್ದಳು, ಡಾಕ್ಟರುಗಳ ಜೊತೆ ಮಾತನ್ನೂ ಬಿಟ್ಟಿದ್ದಳು. ಮಂಗಳವಾರ ಅನಸೂಯ ಸೂನ್‌ಹೀಯನ್ನು ಕಾರಿಡಾರಿನಲ್ಲಿ ನಿಲ್ಲಿಸಿ, ನಾಳೆ ಕಥೆ ಮುಗಿಸಿಬಿಡು, ತಮ್ಮ ಸಿಕ್ಕಿಬಿಡಲಿ, ಆ ಹುಡುಗಿಗೆ ಸ್ವಲ್ಪ ಧೈರ್ಯ ಬರುತ್ತದೆ ಎಂದಳು. ಸೂನ್‌ಹೀ ಕೈಯಲ್ಲಿದ್ದ ಟವೆಲ್ಲನ್ನು ಮಡಚಿ, ಬಿಚ್ಚಿ, ಮತ್ತೆ ಮಡಚಿದಳು. ಆಮೇಲೆ, ಆಗಲಿ ಫ್ರಾವ್ ಡಾಕ್ಟರ್, ಎಂದಷ್ಟೇ ಹೇಳಿ ಹೋದಳು.

ಮರುದಿನ ಸಂಜೆ ಬೂನಿಯ ತಮ್ಮ ಒಂದು ಸಂತೆಯಲ್ಲಿ ಸುಟ್ಟ ಗೆಣಸು ತಿನ್ನುತ್ತ ಸಿಕ್ಕಿಬಿಟ್ಟ. ಮೂವರು ಹುಡುಗಿಯರು ಚಪ್ಪಾಳೆ ತಟ್ಟಿದರು. ಗಿಜೆಲಾ ಮುಖವನ್ನು ಗೋಡೆಯ ಕಡೆ ತಿರುಗಿಸಿದಳು.

"ಇದನ್ನ ನಿಮಗೆ ಡಾಕ್ಟರ್ ಹೇಳಿಕೊಟ್ಟಿದ್ದಾರೆ," ಎಂದಳು. ಎಷ್ಟೋ ದಿನಗಳ ನಂತರ ಅವಳ ದನಿ ಕೇಳಿಸಿತ್ತು. "ನನಗೂ ಹೀಗೇ ಹೇಳಿದ್ದರು. ಎರಡು ಸಲ."

ಬಾಗಿಲಲ್ಲಿದ್ದ ಅನಸೂಯಳ ಮುಖ ಬಿಸಿಯಾಯಿತು. ಸೂನ್‌ಹೀ ತಿರುಗಿ ಅವಳನ್ನೇ ನೋಡುತ್ತಿದ್ದಳು. ಸುಮ್ಮನೆ ಹೊರಟುಬಿಡಬಹುದಿತ್ತು. ಅನಸೂಯ ಒಳಗೆ ಬಂದು, ಗಿಜೆಲಾಳ ಹಾಸಿಗೆಯ ಪಕ್ಕ ಸ್ಟೂಲು ಎಳೆದುಕೊಂಡು ಕೂತಳು.

"ಹೌದು, ನಾನೇ ಹೇಳಿಕೊಟ್ಟದ್ದು," ಎಂದಳು. "ಸೂನ್‌ಹೀ, ನಿಜವಾಗಿ ಏನಾಯಿತೋ ಅದನ್ನೇ ಹೇಳು."

ಸೂನ್‌ಹೀ ಹೇಳಿದಳು. ತಮ್ಮ ಸಿಗಲಿಲ್ಲ. ಬೂನಿ ಅನಾಥಾಲಯಗಳ ಬಾಗಿಲು ತಟ್ಟಿದಳು, ಪ್ರತಿ ಊರಿನಲ್ಲಿ ನಿಂತು ಅವನ ಹೆಸರು ಕೂಗಿದಳು. ಮೊದಮೊದಲು ಐದು ವರ್ಷದ ಹುಡುಗರ ಮುಖ ನೋಡುತ್ತಿದ್ದವಳು, ಬರಬರುತ್ತ ಹತ್ತು ವರ್ಷದವರ, ಹದಿನೈದರವರ ಮುಖ ನೋಡತೊಡಗಿದಳು. ಅದರ ನಡುವೆಯೇ ಶಾಲೆ ಕಲಿತಳು, ಗೆಳತಿಯರ ಜೊತೆ ಹೊಟ್ಟೆ ಹಿಡಿದುಕೊಂಡು ನಕ್ಕಳು, ಕೆಲಸ ಹಿಡಿದಳು. ಈಗಲೂ ರೈಲು ಬಂದು ನಿಂತರೆ ಇಳಿಯುವ ಯುವಕರನ್ನೆಲ್ಲ ಒಮ್ಮೆ ನೋಡುತ್ತಾಳೆ. ಈ ಸಲ ಅವಳ ಜರ್ಮನ್ನಿನ ತಪ್ಪುಗಳನ್ನು ಯಾರೂ ತಿದ್ದಲಿಲ್ಲ.

"ತಮ್ಮನ ಹೆಸರೇನು?" ಗಿಜೆಲಾ ಕೇಳಿದಳು.

"ಸಂಗ್‌ಹೋ. ನನ್ನ ತಮ್ಮ."

ಗಿಜೆಲಾ ಅನಸೂಯಳ ಕಡೆ ತಿರುಗಿ, "ಮತ್ತೆ ನನ್ನ ಕಾಲು?" ಎಂದಳು. ಅನಸೂಯ ಮುಚ್ಚುಮರೆಯಿಲ್ಲದೆ ಹೇಳಿದಳು: ನೋವು ಬಹುಮಟ್ಟಿಗೆ ಹೋಗಬಹುದು, ನಡೆಯಲು ಬರಬಹುದು, ಆದರೆ ಕುಂಟುವುದು ಉಳಿಯುತ್ತದೆ.

ಆ ಸಂಜೆ ಮನೆಯಲ್ಲಿ ಬೂಟು ಕಳಚುತ್ತ ಅನಸೂಯ ಗಂಡನಿಗೆ, "ಇವತ್ತ ಆ ಹುಡಿಗಿ ಮುಂದ ಇದ್ದದ್ದ ಇದ್ದಂಗ ಹೇಳಿಬಿಟ್ಟೆ ರೀ," ಎಂದಳು.

"ಏನಂದಳು?"

"ಊಟಾ ತರ್ರಿ ಅಂದಳು."

ಗಿಜೆಲಾ ವಸಂತದಲ್ಲಿ ಊರುಗೋಲು ಹಿಡಿದು, ಕುಂಟುತ್ತ, ತನ್ನ ಕಾಲ ಮೇಲೆಯೇ ಮನೆಗೆ ಹೋದಳು. ಇದನ್ನೆಲ್ಲ ಬರೆಯಿರಿ ಎಂದು ಸೂನ್‌ಹೀಗೆ ಗಂಟುಬಿದ್ದವಳು ಅವಳೇ. ಯಾವ ಭಾಷೆಯಲ್ಲಿ ಬರೆಯುವುದೆಂಬುದು ಮುಂದೆ ತಾನಾಗಿಯೇ ತೀರ್ಮಾನವಾಯಿತು. ಎರಡು ವರ್ಷದ ನಂತರ ಸೂನ್‌ಹೀ, ಶಿಕಾಗೋದಲ್ಲಿ ಓದುತ್ತಿದ್ದ ತನ್ನೂರಿನ ಹುಡುಗನನ್ನು ಮದುವೆಯಾಗಿ ಅಮೆರಿಕಕ್ಕೆ ಹೊರಟಳು. ಇಂಗ್ಲಿಷಿನಲ್ಲಿ ಸೂರ್ಯ ಗಂಡೂ ಅಲ್ಲ, ಹೆಣ್ಣೂ ಅಲ್ಲ, ಅಷ್ಟು ನಿರಾಳ ಎಂದು ಜಗನ್ನಾಥನನ್ನು ನಗಿಸಿ ಹೋದಳು.

ಅಲ್ಲಿ ಆಸ್ಪತ್ರೆಯ ಕೆಲಸ ಮುಗಿಸಿ ಬಂದು ಅಡುಗೆಮನೆಯ ಮೇಜಿನ ಮೇಲೆ ಬರೆದಳು. ಪ್ರಕಾಶಕರು ಒಬ್ಬರಾದ ಮೇಲೊಬ್ಬರು ಹಸ್ತಪ್ರತಿಯನ್ನು ಹಿಂದಿರುಗಿಸಿದರು. ಎಳೆಯರು ಓದುವ ಪುಸ್ತಕ, ತಮ್ಮ ಸಿಗುವ ಹಾಗೆ ಮಾಡಿ, ನಾವೇ ಅಚ್ಚುಹಾಕುತ್ತೇವೆ ಎಂದವರೂ ಇದ್ದರು. ಅವಳು ಒಪ್ಪಲಿಲ್ಲ. ನನ್ನ ಕಥೆಯ ಕೊನೆ ಕೇಳಿದವಳು ಹದಿನಾಲ್ಕು ವರ್ಷದವಳು, ಅವಳಿಗೆ ತಡೆದುಕೊಳ್ಳಲು ಬಂತು ಎಂದು ಅವರಿಗೆ ಉತ್ತರ ಕೊಟ್ಟೆನೆಂದು ಫೋನಿನಲ್ಲಿ ಅನಸೂಯಳಿಗೆ ಹೇಳಿದ್ದಳು. ಕಡೆಗೆ ಒಂದು ಸಣ್ಣ ಪ್ರಕಾಶನ ಇದ್ದದ್ದನ್ನು ಇದ್ದ ಹಾಗೇ ಒಪ್ಪಿಕೊಂಡಿತು. ಅದರ ಹಿಂದೆಯೇ ಎರಡನೆಯ ಪುಸ್ತಕ ಬಂತು. ಶಾಲೆಗಳವರು ಅವಳನ್ನು ಮಾತಿಗೆ ಕರೆಯತೊಡಗಿದರು. ೧೯೭೮ರಲ್ಲಿ ಮೊದಲ ಪುಸ್ತಕದ ಜರ್ಮನ್ ಅನುವಾದ ಹೊರಬಂದಾಗ ಅವಳು ಫ್ರಾಂಕ್‌ಫರ್ಟಿನ ಪುಸ್ತಕ ಮೇಳಕ್ಕೆ ಬಂದಳು.

ಅನಸೂಯ ಮಗಳನ್ನು ಕರೆದುಕೊಂಡು ರೈಲಿನಲ್ಲಿ ಹೋದಳು. ಸೂನ್‌ಹೀಯ ಕೂದಲು ಗಿಡ್ಡವಾಗಿತ್ತು, ಕನ್ನಡಕ ಬಂದಿತ್ತು. ಸಹಿ ಹಾಕಿಸಿಕೊಳ್ಳಲು ಸಾಲುಗಟ್ಟಿದ್ದ ಹುಡುಗಿಯರನ್ನು ಅಲ್ಲೇ ಬಿಟ್ಟು ಎದ್ದು ಬಂದು ಅನಸೂಯಳನ್ನು ತಬ್ಬಿಕೊಂಡಳು. ಆಮೇಲೆ ನಿರುಪಮಾಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಇನ್ನು ನಿನ್ನನ್ನು ತೊಡೆಯ ಮೇಲೆ ಕೂರಿಸಿಕೊಳ್ಳಲು ಆಗುವುದಿಲ್ಲ ಎಂದು ಹೇಳಿ ಅವಳ ಕೈಗೆ ಒಂದು ಪ್ರತಿ ಕೊಟ್ಟಳು.

ಹಿಂದಿರುಗುವ ರೈಲಿನಲ್ಲಿ ನಿರುಪಮಾ ಕಾಲು ಮಡಚಿ ಕೂತು ಓದುತ್ತಲೇ ಇದ್ದಳು. ವ್ಯೂರ್ಟ್ಸ್‌ಬುರ್ಗ್ ದಾಟಿತು. ಕೊನೆಯ ಪುಟಗಳು ಹತ್ತಿರವಾಗುತ್ತಿದ್ದವು.

"ನಿರೂ, ಎಲ್ಲೀತನಕ ಬಂತವಾ?"

"ಗ್ಲೈಷ್, ಮಮಾ," ಈಗ ಮುಗಿಯುತ್ತದೆ ಎಂದಳು ಹುಡುಗಿ, ತಲೆ ಎತ್ತದೆ. ಅವಳ ಕೆಳದುಟಿ ನಡುಗುತ್ತಿತ್ತು.

ಅನಸೂಯ ಮಗಳ ಪಕ್ಕಕ್ಕೆ ಸರಿದು ಕೂತಳು. ಚೀಲದಿಂದ ಒಂದು ಕಿತ್ತಳೆ ತೆಗೆದು ಸುಲಿದಳು, ನಾರು ಬಿಡಿಸಿ ಒಂದು ತೊಳೆಯನ್ನು ಮಗಳ ಅಂಗೈಯಲ್ಲಿಟ್ಟಳು. ನಿರುಪಮಾ ಅದನ್ನು ಬಾಯಿಗೆ ಹಾಕಿಕೊಂಡು ಪುಟ ತಿರುವಿದಳು. ಅನಸೂಯ ಇನ್ನೊಂದು ತೊಳೆ ಬಿಡಿಸಿ, ಕೈಯಲ್ಲೇ ಹಿಡಿದುಕೊಂಡು ಕಾದಳು.